ಲಕೋಟೆಯೊಳಗಿನ ಕಬ್ಬಿಣ

(ಶತಮಾನೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಲಿಖಿತ ರೂಪ)



ನೂರು ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವ ಯೋಗ್ಯತೆ ಉಳ್ಳವರು ನನಗಿಂತ ಹಿರಿಯರು ಈ ಸಭೆಯಲ್ಲಿಯೇ ಇದ್ದಾರೆ. ಆದರೂ ಸಮಿತಿಯವರು ನನ್ನನ್ನು ಕರೆದು, "ಮುಂಬಯಿಯಲ್ಲಿ ನೀವು ಮಾಡಿದ ಕೆಲಸ ಏನೆಂಬುದನ್ನೇ ಹೇಳಿರಿ, ಮಕ್ಕಳಿಗೆ ಅಷ್ಟು ವಿಜ್ಞಾನವೂ ಆದೀತು" ಎಂದರು. ನಮ್ಮ ಓಣಿಯಲ್ಲಿ ನನ್ನ ಕೆಲಸದ ಬಗ್ಗೆ ಒಂದು ತಪ್ಪು ತಿಳುವಳಿಕೆ ಬಹಳ ವರ್ಷಗಳಿಂದ ಇದೆ. ನಾನು ದಿನಾಲು ಲಕ್ಷಗಟ್ಟಲೆ ರೂಪಾಯಿ ಎಣಿಸುತ್ತಿದ್ದೆನೆಂದು ಅವ್ವ ಕೊನೆಯವರೆಗೂ ನಂಬಿದ್ದಳು. ಸತ್ಯವಾಗಿ ಹೇಳುವುದಾದರೆ ಮೂವತ್ತು ವರ್ಷದ ನೌಕರಿಯಲ್ಲಿ ನಾನು ಒಂದು ನೋಟನ್ನೂ ಎಣಿಸಲಿಲ್ಲ. ನಾನು ಇದ್ದದ್ದು ಚೆಕ್ಕುಗಳನ್ನು ಬೇರ್ಪಡಿಸುವ ಯಂತ್ರದ ಹತ್ತಿರ. ಆ ಯಂತ್ರ ಓದುತ್ತಿದ್ದುದು ಕಣ್ಣಿನಿಂದಲ್ಲ, ಕಬ್ಬಿಣದ ಸುಳಿವಿನಿಂದ. ಅದೇ ಸುಳಿವನ್ನು ಹಿಡಿದು, ಮುಚ್ಚಿದ ಲಕೋಟೆಯನ್ನು ಒಡೆಯದೆಯೇ ಒಳಗೆ ಚೆಕ್ಕಿದೆಯೆ ಇಲ್ಲವೆ ಎಂದು ಹೇಳುವ ಯಂತ್ರಗಳೂ ಇವೆ. ಇಂದಿನ ಮಾತು ಅದರ ಬಗ್ಗೆ.

ವಿಷಯ ದೊಡ್ಡದೆಂದು ಹೆದರಬೇಡಿರಿ. ಇದರ ಅರ್ಧ ನಿಮಗೆ ಆಗಲೇ ಗೊತ್ತಿದೆ. ಮಳೆ ಬಂದು ಹೋದ ಮೇಲೆ ಹಳ್ಳದ ದಂಡೆಯ ಮರಳಿನಲ್ಲಿ ಕಪ್ಪು ಗೆರೆಗಳು ಮೂಡಿರುತ್ತವೆ. ಒಡೆದ ರೇಡಿಯೊದ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನಾವು ಆ ಗೆರೆಯ ಮೇಲೆ ಎಳೆಯುತ್ತಿದ್ದೆವು. ಅಯಸ್ಕಾಂತಕ್ಕೆ ಮೀಸೆ ಬರುತ್ತಿತ್ತು. ಆ ಮೀಸೆಯನ್ನು ಕಾಗದದ ಮೇಲೆ ಕೊಡವಿ, ಕೆಳಗಿನಿಂದ ಅಯಸ್ಕಾಂತ ಆಡಿಸಿದರೆ ಪುಡಿ ಎದ್ದು ಕುಣಿಯುತ್ತಿತ್ತು. ನಮ್ಮ ಜತ್ತ ತಾಲೂಕಿನ ನೆಲದಡಿಯ ಕರಿಗಲ್ಲು ಅನಾದಿ ಕಾಲದಲ್ಲಿ ಹರಿದು ಗಟ್ಟಿಯಾದ ಲಾವಾರಸ. ಅದರಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಕಣಗಳಿವೆ. ಕಲ್ಲು ಸವೆದಾಗ ಹಗುರವಾದದ್ದು ಕೊಚ್ಚಿ ಹೋಗುತ್ತದೆ, ಭಾರವಾದ ಈ ಕಪ್ಪು ಪುಡಿ ಹಳ್ಳದ ತಿರುವಿನಲ್ಲಿ ನಿಲ್ಲುತ್ತದೆ. ಕಾಂತೀಯ ಮಸಿ ಎಂದರೆ ಇದೇ ಜಾತಿಯ ಪುಡಿಯನ್ನು ಬಹಳ ನುಣ್ಣಗೆ ಮಾಡಿ ಬೆರೆಸಿದ ಮಸಿ. ಮುಂಬಯಿಗೆ ಹೋದ ಮೊದಲ ವಾರ ಮೇಲಧಿಕಾರಿಯೊಬ್ಬರು ಇದನ್ನು ವಿವರಿಸಿದಾಗ, ಅಷ್ಟು ದೊಡ್ಡ ಯಂತ್ರಶಾಲೆಯಲ್ಲಿ ನನಗೆ ಪರಿಚಿತವಾದ ವಸ್ತು ಒಂದಾದರೂ ಸಿಕ್ಕಿತಲ್ಲ ಎಂದು ಸಮಾಧಾನವಾಯಿತು.

ಬ್ಯಾಂಕಿನವರಿಗೆ ಈ ಮಸಿ ಏಕೆ ಬೇಕಾಯಿತು? ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಚೆಕ್ಕುಗಳ ಸಂಖ್ಯೆ ಗುಮಾಸ್ತರ ಕೈ ಮೀರಿ ಬೆಳೆಯಿತು. ಬ್ಯಾಂಕ್ ಆಫ್ ಅಮೆರಿಕ ಎಂಬ ಬ್ಯಾಂಕು ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಮೊರೆ ಹೋಯಿತು. 1950ರ ದಶಕದಲ್ಲಿ ಅಲ್ಲಿಯ ವಿಜ್ಞಾನಿಗಳು ಎದುರಿಸಿದ ಮೊದಲ ತೊಡಕು ಯಂತ್ರದ್ದಲ್ಲ, ಹೆಸರಿನದು. ಖಾತೆಗಳನ್ನೆಲ್ಲ ಗಿರಾಕಿಗಳ ಹೆಸರಿನ ಅಕ್ಷರಕ್ರಮದಲ್ಲಿ ಇಟ್ಟಿದ್ದರು. ಹೊಸ ಗಿರಾಕಿ ಬಂದರೆ ಸಾಲು ಪೂರ್ತಿ ಸರಿಯಬೇಕು. ಹೆಸರನ್ನು ಬಿಟ್ಟು ಪ್ರತಿ ಖಾತೆಗೂ ಒಂದು ಸಂಖ್ಯೆ ಕೊಟ್ಟ ಮೇಲೆಯೇ ಯಂತ್ರಕ್ಕೆ ದಾರಿಯಾಯಿತು. ಈ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ನಮ್ಮ ಊರಿನ ವಿಳಾಸಕ್ಕೆ ಬಂದಾಗ ಬೇಕಾಗುತ್ತದೆ.

ಎರಡನೆಯ ತೊಡಕು ಓದುವುದು. ಚೆಕ್ಕು ಹತ್ತು ಕೈ ಹಾದು ಬರುತ್ತದೆ. ಅದರ ಮೇಲೆ ರಬ್ಬರ್ ಮುದ್ರೆ ಬಿದ್ದಿರುತ್ತದೆ, ಸಹಿಯ ಬಾಲ ಕೆಳಗಿಳಿದಿರುತ್ತದೆ, ಅಂಗಡಿಯ ಎಣ್ಣೆ ಹತ್ತಿರುತ್ತದೆ. ಬೆಳಕಿನಿಂದ ನೋಡುವ ಯಂತ್ರಕ್ಕೆ ಇವೆಲ್ಲ ಒಂದೇ ಕಪ್ಪು. ಆದರೆ ಕಬ್ಬಿಣದ ಪುಡಿ ಇರುವ ಮಸಿಯಿಂದ ಅಂಕಿಗಳನ್ನು ಮುದ್ರಿಸಿದರೆ ಉಳಿದ ಕಲೆಗಳು ಯಂತ್ರದ ಪಾಲಿಗೆ ಇಲ್ಲವೇ ಇಲ್ಲ. ಚೆಕ್ಕಿನ ಕೆಳಅಂಚಿನಲ್ಲಿ ನೀವು ನೋಡಿರುವ ಆ ವಿಚಿತ್ರ ಅಂಕಿಗಳು, ಒಂದು ಕಡೆ ದಪ್ಪ ಇನ್ನೊಂದು ಕಡೆ ಸಣ್ಣ ಇರುವಂಥವು, ಹೀಗೆ ಹುಟ್ಟಿದವು. ಆ ಅಕ್ಷರಮಾಲೆಯ ಹೆಸರು ಇ-13ಬಿ. ಒಂದು ಇಂಚಿನ ಸಾವಿರ ಪಾಲಿನಲ್ಲಿ ಹದಿಮೂರು ಪಾಲಿನಷ್ಟು ಅಗಲದ ಚೌಕಗಳ ಮೇಲೆ ಅದನ್ನು ಕಟ್ಟಿದ್ದಾರೆ, ಅದಕ್ಕೇ ಹದಿಮೂರು. ಅದರಲ್ಲಿ ಇರುವುದು ಹದಿನಾಲ್ಕೇ ಆಕೃತಿಗಳು, ಹತ್ತು ಅಂಕಿ ಮತ್ತು ನಾಲ್ಕು ಚಿಹ್ನೆ. ನಮ್ಮ ವರ್ಣಮಾಲೆಯನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಇದು ಒಂದು ಮಧ್ಯಾಹ್ನದ ಪಾಠ.

ಯಂತ್ರ ಓದುವ ಬಗೆ ಸೊಗಸಾದದ್ದು. ಚೆಕ್ಕು ಓಡುತ್ತ ಬರುವಾಗ ಮೊದಲು ಒಂದು ಅಯಸ್ಕಾಂತದ ಮುಂದೆ ಹಾಯುತ್ತದೆ. ಮಸಿಯಲ್ಲಿದ್ದ ಕಣಗಳೆಲ್ಲ ಕಾಂತತ್ವ ಪಡೆಯುತ್ತವೆ. ಮರುಕ್ಷಣ ಅದು ಒಂದು ಹೆಡ್ಡಿನ ಮುಂದೆ ಸರಿಯುತ್ತದೆ. ನಿಮ್ಮ ತಂದೆಯವರ ಕಾಲದ ಟೇಪ್‌ರೆಕಾರ್ಡರಿನಲ್ಲಿ ಟೇಪು ಉಜ್ಜಿಕೊಂಡು ಹೋಗುವ ಹೆಡ್ ಇತ್ತಲ್ಲ, ಅದೇ ಜಾತಿಯದು. ತಂತಿಯ ಸುರುಳಿಯ ಹತ್ತಿರ ಕಾಂತತ್ವ ಹೆಚ್ಚುಕಡಿಮೆಯಾದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಫ್ಯಾರಡೆ 1831ರಲ್ಲಿ ತೋರಿಸಿದ್ದನ್ನು ಹತ್ತನೆಯ ತರಗತಿಯವರು ಓದಿದ್ದೀರಿ. ಇಲ್ಲಿ ಸೂಕ್ಷ್ಮವೊಂದಿದೆ. ಮಸಿ ಎಷ್ಟಿದೆ ಎಂಬುದನ್ನು ಸುರುಳಿ ಹೇಳುವುದಿಲ್ಲ, ಎಲ್ಲಿ ಒಮ್ಮೆಲೆ ಹೆಚ್ಚಿತು, ಎಲ್ಲಿ ಒಮ್ಮೆಲೆ ಕಡಿಮೆಯಾಯಿತು ಎಂಬುದನ್ನು ಹೇಳುತ್ತದೆ. ಅಂಕಿಯ ಪ್ರತಿಯೊಂದು ನೆಟ್ಟಗಿನ ಅಂಚಿಗೂ ಒಂದು ಏರು ಇಲ್ಲವೆ ಒಂದು ಇಳಿತ. ಹದಿನಾಲ್ಕು ಆಕೃತಿಗಳಿಗೆ ಹದಿನಾಲ್ಕು ಬೇರೆ ಬೇರೆ ಅಲೆ. ಅಂದರೆ ಯಂತ್ರ ಅಂಕಿಯನ್ನು ನೋಡುವುದಿಲ್ಲ, ಕೇಳುತ್ತದೆ ಎಂದರೂ ತಪ್ಪಾಗಲಾರದು. ಅದೂ ಬಲದಿಂದ ಎಡಕ್ಕೆ, ನಮ್ಮ ಓದಿಗೆ ತಿರುವುಮುರುವಾಗಿ. ಹೀಗೆ ನಿಮಿಷಕ್ಕೆ ನೂರಾರು ಚೆಕ್ಕುಗಳನ್ನು ಅದು ಆಯಾ ಬ್ಯಾಂಕಿನ ಗೂಡಿಗೆ ಎಸೆಯುತ್ತದೆ.

ಈಗ ಲಕೋಟೆಗೆ ಬರೋಣ. ನಮ್ಮ ಕಡೆ ಅದನ್ನು ಪಾಕೀಟು ಎನ್ನುತ್ತೇವೆ, ಅಂಚೆಯನ್ನು ಟಪಾಲು ಎನ್ನುತ್ತೇವೆ. ಇವತ್ತು ಸಭೆಯ ಮರ್ಯಾದೆಗೆ ಗ್ರಂಥದ ಮಾತು ಬಳಸುತ್ತಿದ್ದೇನೆ. ವಿದ್ಯುತ್ತು, ದೂರವಾಣಿ, ವಿಮೆಯ ಹಣವನ್ನೆಲ್ಲ ಜನ ಚೆಕ್ಕಿನ ಮೂಲಕ ಅಂಚೆಯಲ್ಲಿಯೇ ಕಳಿಸುವ ರೂಢಿ ಅಮೆರಿಕದಲ್ಲಿ ಬಲವಾಗಿ ಬೆಳೆಯಿತು. ಒಂದೊಂದು ಸಂಸ್ಥೆಗೆ ದಿನಬೆಳಗಾದರೆ ಮೂಟೆಗಟ್ಟಲೆ ಲಕೋಟೆ. ಕೆಲವದರಲ್ಲಿ ಚೆಕ್ಕು, ಕೆಲವದರಲ್ಲಿ ಬರೀ ತಕರಾರು. ಚೆಕ್ಕಿರುವುದನ್ನು ಮೊದಲು ಒಡೆದರೆ ಹಣ ಒಂದು ದಿನ ಮುಂಚೆ ಜಮೆಯಾಗುತ್ತದೆ. ಆದ್ದರಿಂದ ಲಕೋಟೆಯನ್ನು ಅಯಸ್ಕಾಂತದ ಮುಂದೆ ಹಾಯಿಸಿ, ಅನಂತರ ಕಾಂತಸಂವೇದಕಗಳ ಸಾಲಿನ ಮುಂದೆ ಹಾಯಿಸುವ ಯಂತ್ರಗಳು ಬಂದವು. ಇಲ್ಲಿ ಅಂಕಿಯನ್ನು ಓದುವ ಆಸೆ ಇಲ್ಲ. ನಡುವೆ ಲಕೋಟೆಯ ಕಾಗದ ಅಡ್ಡ ಇರುತ್ತದೆ, ಮಸಿಗೂ ಸಂವೇದಕಕ್ಕೂ ಅಂತರ ಕೂದಲೆಳೆಯಷ್ಟು ಹೆಚ್ಚಿದರೂ ಸಂಕೇತ ಬಹಳ ಬೇಗ ಕ್ಷೀಣಿಸುತ್ತದೆ. ಇದೆಯೆ, ಇದ್ದರೆ ಎಲ್ಲಿದೆ, ಇಷ್ಟನ್ನೇ ಅದು ಕೇಳುವುದು. ಅಂಕಿಗಳ ಸಾಲು ಚೆಕ್ಕಿನ ಕೆಳಅಂಚಿನಲ್ಲಿಯೇ ಇರಬೇಕೆಂಬ ನಿಯಮವಿರುವುದರಿಂದ, ಸಂಕೇತ ಲಕೋಟೆಯ ಮೇಲ್ಭಾಗದಲ್ಲಿ ಬಂದರೆ ಚೆಕ್ಕು ತಲೆಕೆಳಗಾಗಿದೆ ಎಂದು ತಿಳಿಯುತ್ತದೆ. ನಡುವೆ ಬಂದರೆ ಮಡಚಿರಬಹುದು. ಒಂದು ಮಗ್ಗುಲಿನ ಸಂವೇದಕಕ್ಕೆ ಜೋರಾಗಿಯೂ ಇನ್ನೊಂದು ಮಗ್ಗುಲಿನದಕ್ಕೆ ಕ್ಷೀಣವಾಗಿಯೂ ಕೇಳಿದರೆ ಅದರ ಮುಖ ಯಾವ ಕಡೆಗಿದೆ ಎಂಬುದೂ ತಿಳಿಯುತ್ತದೆ. ಮುಚ್ಚಿದ ಗಡಿಗೆಯನ್ನು ಬಡಿದು ನೋಡಿ ಒಳಗಿನ ಕಾಳಿನ ಮಟ್ಟ ಹೇಳುವ ಅಜ್ಜಿಯರನ್ನು ನಾನು ಬಲ್ಲೆ. ಇದು ಅದಕ್ಕಿಂತ ಬೇರೆಯಾದ ಜಾಣತನವಲ್ಲ.

ಆದರೆ ಈ ಜಾಣತನಕ್ಕೆ ಒಬ್ಬ ಶತ್ರುವಿದ್ದಾನೆ. ಬಹಳ ಸಣ್ಣವನು. ಗುಂಡುಸೂಜಿ!

ಮಸಿಯಲ್ಲಿರುವ ಕಬ್ಬಿಣ ಧೂಳಿನ ಲೆಕ್ಕದ್ದು. ಗುಂಡುಸೂಜಿಯದು ಅದರ ಮುಂದೆ ಬೆಟ್ಟ. ಹಲಗಿಯ ಬಡಿತದ ನಡುವೆ ಕೂಸಿನ ಅಳು ಕೇಳೀತೆ? ಪಿನ್ನು, ಸ್ಟೇಪಲ್, ಕ್ಲಿಪ್ಪು ಒಳಗಿದ್ದರೆ ಯಂತ್ರಕ್ಕೆ ಕಿವುಡು ಬಂದಂತೆಯೇ. ಅದಕ್ಕಾಗಿ ಇಂಥ ಯಂತ್ರಗಳಲ್ಲಿ ಲೋಹವನ್ನು ಪತ್ತೆ ಮಾಡುವ ಬೇರೆ ವ್ಯವಸ್ಥೆ ಇಟ್ಟು, ಅಂಥ ಲಕೋಟೆಗಳನ್ನು ಮನುಷ್ಯನ ಕೈಗೆ ಕಳಿಸುತ್ತಾರೆ. ಇದೇ ಸೂಜಿ ಬೇರೊಂದು ಕಾಲದಲ್ಲಿ, ಬೇರೊಂದು ದೇಶದಲ್ಲಿ ಅಂಚೆಯವರನ್ನು ಕಾಡಿದ್ದುಂಟು. 1957ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಪಟ್ಟಣದಲ್ಲಿ ಪತ್ರಗಳನ್ನೆಲ್ಲ ಒಂದೇ ಮುಖವಾಗಿ ಜೋಡಿಸುವ ಯಂತ್ರವನ್ನು ಪ್ರಯೋಗಿಸಿದರು. ಅಂಚೆಚೀಟಿ ಎಲ್ಲಿದೆ ಎಂದು ಅದಕ್ಕೆ ತಿಳಿಯಲೆಂದು ಚೀಟಿಯ ಬೆನ್ನಿಗೆ ಗ್ರಾಫೈಟಿನ ಕಪ್ಪು ಗೆರೆ ಎಳೆದಿದ್ದರು, ಎರಡು ಪೆನ್ನಿಯ ಚೀಟಿಗೆ ಒಂದು ಗೆರೆ, ಉಳಿದವಕ್ಕೆ ಎರಡು. ಗ್ರಾಫೈಟಿನಲ್ಲಿ ಇರುವುದು ಕಾಂತತ್ವವಲ್ಲ, ವಿದ್ಯುತ್ತನ್ನು ಹರಿಯಗೊಡುವ ಗುಣ. ಆದರೂ ಪೇಚು ಅದೇ ಆಯಿತು. ಒಳಗಿನ ಪಿನ್ನು, ಕ್ಲಿಪ್ಪುಗಳು ಸುಳ್ಳು ಸಂಕೇತ ಕೊಟ್ಟವು. 1959ರಿಂದ ಅಲ್ಲಿ ಫಾಸ್ಫರ್ ಲೇಪಿಸಿದ ಚೀಟಿಗಳು ಬಂದವು, ಅತಿನೇರಳೆ ಬೆಳಕು ಬಿದ್ದರೆ ಮಿನುಗುವಂಥವು. ಕೊನೆಗೆ ಗೆದ್ದದ್ದು ಅದೇ ಪದ್ಧತಿ.

ನಮ್ಮ ದೇಶದ ಅಂಚೆಗೆ ಇದ್ದ ತೊಡಕು ಬೇರೆ ಬಗೆಯದು. ಅಂಚೆಚೀಟಿ ಹುಡುಕುವುದಲ್ಲ, ಊರು ಹುಡುಕುವುದು. ನಮ್ಮ ತಾಲೂಕಿನ ಜಾಡರ ಬಬಲಾದಕ್ಕೆ ಬರಬೇಕಾದ ಪತ್ರದ ಮೇಲೆ ಬರೀ ಬಬಲಾದ ಎಂದು ಬರೆದರೆ ಅದು ವಿಜಯಪುರ ಜಿಲ್ಲೆಯ ಬಬಲಾದವೋ ನಮ್ಮದೋ ಎಂದು ಯಾರು ಹೇಳಬೇಕು? ಮೇಲಾಗಿ ನಮ್ಮ ಜನ ವಿಳಾಸ ಬರೆಯುತ್ತಿದ್ದುದು ಕನ್ನಡದಲ್ಲಿ, ವಿಂಗಡಿಸುವವರು ಓದುತ್ತಿದ್ದುದು ಮರಾಠಿ ಮತ್ತು ಇಂಗ್ಲಿಷ್. ಉಮದಿ, ಸಂಖ, ಗುಡ್ಡಾಪುರ, ಮಾಡಗ್ಯಾಳ ಎಂಬ ಹೆಸರುಗಳು ಎರಡು ಲಿಪಿಗಳ ನಡುವೆ ಓಡಾಡಿ ಬಣ್ಣ ಕಳೆದುಕೊಳ್ಳುತ್ತಿದ್ದವು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದಿತು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ, ಕೇಂದ್ರದ ಸಂಪರ್ಕ ಖಾತೆಯ ಹಿರಿಯ ಅಧಿಕಾರಿ, ಮೇಲಾಗಿ ಸಂಸ್ಕೃತದ ಕವಿ. ಒಂದೇ ಹೆಸರಿನ ಹಲವು ಊರುಗಳು, ಹಲವು ಲಿಪಿಗಳು, ಈ ಗೊಂದಲವೇ ಅವರ ಮುಂದಿದ್ದ ಪ್ರಶ್ನೆ. ಕವಿಯೊಬ್ಬರು ಹೆಸರುಗಳನ್ನೆಲ್ಲ ಬದಿಗಿಟ್ಟು ಆರು ಅಂಕಿಗಳನ್ನು ಆಯ್ದುಕೊಂಡರು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಅಮೆರಿಕದ ಬ್ಯಾಂಕು ಹೆಸರು ಬಿಟ್ಟು ಸಂಖ್ಯೆ ಹಿಡಿದದ್ದನ್ನು ಹೇಳಿದ್ದೆನಲ್ಲ, ಇದು ಅದರದೇ ಒಡಹುಟ್ಟು.

ಜತ್ತದ ಪಿನ್ 416404. ಮೊದಲ ಅಂಕಿ ವಲಯ, ಎರಡನೆಯದು ಉಪವಲಯ, ಮೂರನೆಯದು ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಬಟವಾಡೆಯ ಕಚೇರಿ. ಗಡಿಯಾಚೆಯ ವಿಜಯಪುರ 586101, ಅಥಣಿ 591304. ಬೀಗರ ಮನೆ ಒಂದು ಹೊತ್ತಿನ ದಾರಿ, ಅಂಚೆಯ ಲೆಕ್ಕದಲ್ಲಿ ನಾಲ್ಕರಿಂದ ಐದಕ್ಕೆ ವಲಯವೇ ಬದಲು. ಚೆಕ್ಕಿನ ಕಾಂತೀಯ ಸಾಲಿಗೂ ಪಿನ್‌ಕೋಡಿಗೂ ಒಂದು ನಂಟಿದೆ, ಅದನ್ನು ಬಹಳ ಜನ ಗಮನಿಸಿರಲಿಕ್ಕಿಲ್ಲ. ಮನೆಗೆ ಹೋಗಿ ಚೆಕ್‌ಪುಸ್ತಕ ತೆರೆದು ನೋಡಿರಿ. ಮೊದಲು ಆರು ಅಂಕಿಯ ಚೆಕ್ ಸಂಖ್ಯೆ, ಆಮೇಲೆ ಒಂಬತ್ತು ಅಂಕಿಯ ಸಂಕೇತ. ಆ ಒಂಬತ್ತರಲ್ಲಿ ನಡುವಿನ ಮೂರು ಬ್ಯಾಂಕು, ಕೊನೆಯ ಮೂರು ಶಾಖೆ. ಮೊದಲ ಮೂರು ಊರು, ಅವನ್ನು ಪಿನ್‌ಕೋಡಿನ ಮೊದಲ ಮೂರು ಅಂಕಿಗಳಿಗೆ ಹೊಂದಿಸಿದ್ದಾರೆ. ಮುಂಬಯಿಗೆ 400, ಬೆಂಗಳೂರಿಗೆ 560. ಕವಿಯ ಅಂಕಿಗಳು ಬ್ಯಾಂಕಿನ ಕಬ್ಬಿಣದ ಮಸಿಯೊಳಗೂ ಸೇರಿಕೊಂಡಿವೆ.

ಅಂಕಿ ಬಂದ ಮಾತ್ರಕ್ಕೆ ಲಿಪಿಯ ಜಗಳ ತೀರಲಿಲ್ಲ. 1993ರಲ್ಲಿ ಮುಂಬಯಿಯಲ್ಲಿ ಪತ್ರ ವಿಂಗಡಿಸುವ ಸ್ವಯಂಚಾಲಿತ ಕೇಂದ್ರ ಬಂದಿತು, ತರುವಾಯ ಚೆನ್ನೈಯಲ್ಲಿ. ಈ ಯಂತ್ರಗಳು ಬೆಳಕಿನಿಂದ ಪಿನ್ ಓದುವಂಥವು. ಈ ಶಾಲೆಯಲ್ಲಿ ಕಲಿತ ನಾವು ಪಿನ್ನನ್ನೂ ಅಭಿಮಾನದಿಂದ ೪೧೬೪೦೪ ಎಂದೇ ಬರೆಯುತ್ತಿದ್ದೆವು. ಅವಸರದಲ್ಲಿ ಬರೆದ ಕನ್ನಡದ ಒಂದರ ಬಾಯಿ ಕೂಡಿಕೊಂಡರೆ ಸೊನ್ನೆಯಾಗುತ್ತದೆ. ದೇವನಾಗರಿಯ ಒಂದು ಇಂಗ್ಲಿಷಿನ ಒಂಬತ್ತನ್ನು ಹೋಲುತ್ತದೆ. ಯಂತ್ರಕ್ಕೆ ತಿಳಿಯದಿದ್ದರೆ ಪತ್ರ ಮನುಷ್ಯನ ಮುಂದೆ ಬರುತ್ತದೆ. ಆ ಮನುಷ್ಯ ನಮ್ಮ ಕಡೆಯವನಾಗಿದ್ದರೆ ಅರೆಕ್ಷಣದ ಕೆಲಸ, ಇಲ್ಲದಿದ್ದರೆ ಪತ್ರ ಪ್ರವಾಸ ಹೊರಡುತ್ತದೆ. ನಾನು ಮುಂಬಯಿಯಿಂದ ಬರೆಯುವಾಗ ವಿಳಾಸವನ್ನು ಕನ್ನಡದಲ್ಲಿ ಬರೆದು, ಕೆಳಗೆ ಮರಾಠಿಯಲ್ಲಿ ಇನ್ನೊಮ್ಮೆ ಬರೆದು, ಪಿನ್ನನ್ನು ಮಾತ್ರ ಇಂಗ್ಲಿಷ್ ಅಂಕಿಯಲ್ಲಿ ಬರೆಯತೊಡಗಿದೆ. ಅವ್ವ ಆ ಮೂರು ಸಾಲು ನೋಡಿ, "ಒಂದ ಮನಿಗೆ ಮೂರು ಬಾಗಿಲಾ ಯಾಕಪಾ?" ಎಂದು ಕೇಳಿದ್ದಳು.

ಇನ್ನು ನನ್ನ ಮನೆಯ ಒಂದು ಸಂಗತಿ. ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಅಕ್ಕ ಈ ಸಭೆಯಲ್ಲಿಯೇ ಕುಳಿತಿದ್ದಾಳೆ, ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ತೊಂಬತ್ತರ ದಶಕ, ಮಳೆ ಕೈಕೊಟ್ಟ ವರ್ಷ. ಭಾವ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದವರು ಸಾರವೆಯಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಕೆಲಸ ಕೊಟ್ಟವರು ಬಹಳ ಅಲೆದಾಡಿಸಿದ ಮೇಲೆ ಪರಿಹಾರವೆಂದು ಒಂದು ಚೆಕ್ಕನ್ನು ರಜಿಸ್ಟರ್ ಅಂಚೆಯಲ್ಲಿ ಕಳಿಸಿದರು. ಯಾರೆಂಬುದು ಇಲ್ಲಿ ಬೇಡ. ಚೆಕ್ಕನ್ನು ಪತ್ರಕ್ಕೆ ಸೇರಿಸಿ ಕೆಳಅಂಚಿನಲ್ಲಿ ಎರಡು ಗುಂಡುಸೂಜಿ ಚುಚ್ಚಿದ್ದರು, ನೇರವಾಗಿ ಅಂಕಿಗಳ ಸಾಲಿನೊಳಗೆ. ಲಕೋಟೆ ದಾರಿಯಲ್ಲೆಲ್ಲೋ ನೆನೆದಿತ್ತು. ನಮ್ಮ ಮನೆಗೆ ತಲುಪುವಷ್ಟರಲ್ಲಿ ಸೂಜಿ ತುಕ್ಕು ಹಿಡಿದು ಕಾಗದಕ್ಕೆ ಅಂಟಿತ್ತು. ಅಕ್ಕ ಜೋಪಾನವಾಗಿಯೇ ಬಿಡಿಸಿದಳು. ಆದರೂ ಬೆರಳಿನ ಅಗಲದ ಚೂರು ಸೂಜಿಯ ಜೊತೆಗೆ ಬಂದುಬಿಟ್ಟಿತು. ಅವಳು ಅದನ್ನು ಅಂಟಿನಿಂದ ಹಚ್ಚಿ ಬ್ಯಾಂಕಿಗೆ ಕೊಟ್ಟಳು. ಹಣವಸೂಲಿಗೆಂದು ಹೋದ ಚೆಕ್ಕು ಐದು ವಾರಗಳ ಮೇಲೆ ಒಂದು ಇಂಗ್ಲಿಷ್ ಚೀಟಿಯೊಂದಿಗೆ ಮರಳಿತು. ಆ ಚೀಟಿಯನ್ನು ಓದಿಸಿಕೊಳ್ಳಲು ಅಕ್ಕ ಬಂದದ್ದು ಈ ಶಾಲೆಗೆ, ನಮ್ಮ ಗುರುಗಳ ಹತ್ತಿರ. ಅವರು ಓದಿ ಹೇಳಿದರು: ಚೆಕ್ಕು ಹರಿದು ವಿರೂಪಗೊಂಡಿದೆ, ಹಣ ಕೊಡಲು ಬರುವುದಿಲ್ಲ. ಹೊಸ ಚೆಕ್ಕಿಗಾಗಿ ಗುರುಗಳೇ ಮೂರು ಪತ್ರ ಬರೆದರು. ಅದು ಕೈಸೇರಲು ಇನ್ನೂ ನಾಲ್ಕು ತಿಂಗಳಾಯಿತು. ಅಷ್ಟರಲ್ಲಿ ಮನೆಯಲ್ಲಿದ್ದ ಮಾಡಗ್ಯಾಳ ತಳಿಯ ಹನ್ನೊಂದು ಕುರಿಗಳು ಸಂತೆಗೆ ಹೋದವು. ಬರದಲ್ಲಿ ಕುರಿಗೆ ಎಂಥ ಬೆಲೆ ಸಿಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಭಾವನ ಕಾಲು ಕೂಡಿತು, ಗಿಡ್ಡಾಗಿ ಕೂಡಿತು.

ಈ ಐದು ತಿಂಗಳು ನಾನು ಎಲ್ಲಿದ್ದೆ? ಮುಂಬಯಿಯಲ್ಲಿ, ಅದೇ ಬಗೆಯ ಯಂತ್ರದ ಪಕ್ಕದಲ್ಲಿ. ಯಂತ್ರ ಓದಲಾರದ ಚೆಕ್ಕುಗಳು ಬೀಳುವ ಗೂಡು ಒಂದಿರುತ್ತದೆ, ನನ್ನ ಕುರ್ಚಿ ಇದ್ದದ್ದು ಅದರ ಮುಂದೆ. ಸಣ್ಣ ತೂತಾದರೆ ಕೆಳಗೆ ಕಾಗದದ ಪಟ್ಟಿ ಅಂಟಿಸಿ ಅಂಕಿಗಳನ್ನು ಹೊಸದಾಗಿ ಮುದ್ರಿಸಿ ಮತ್ತೆ ಓಡಿಸುತ್ತಿದ್ದೆವು. ಬಹಳ ಹರಿದದ್ದನ್ನು ಬೇರೆ ಕಟ್ಟಿಗೆ ಹಾಕುತ್ತಿದ್ದೆವು, ಅದು ಮರಳಿ ಹೋಗುತ್ತಿತ್ತು. ದಿನಕ್ಕೆ ಎಷ್ಟು ಕಟ್ಟು ಎಂದು ಲೆಕ್ಕವಿಡುತ್ತಿದ್ದೆ, ಯಾರದು ಎಂದು ನೋಡುತ್ತಿರಲಿಲ್ಲ. ಅಕ್ಕನ ಚೆಕ್ಕು ನಮ್ಮ ಕೇಂದ್ರಕ್ಕೆ ಬಂದದ್ದಲ್ಲ. ಆದರೆ ರಜೆಗೆ ಊರಿಗೆ ಬಂದಾಗ ಆ ಚೀಟಿಯನ್ನು ಅವಳು ಮುಂದೆ ಹಿಡಿದಳು, "ನೀನೂ ಇದ ಕೆಲಸಾ ಮಾಡತಿ ಅಲ್ಲಾ?" ಎಂದಳು. ಸಿಟ್ಟಿನಿಂದ ಕೇಳಲಿಲ್ಲ. ನನಗೆ ಉತ್ತರ ತೋಚಲಿಲ್ಲ. ಇಂದಿಗೂ ತೋಚಿಲ್ಲ ಎನ್ನಿರಿ. ಮರಳಿ ಹೋದ ಮೇಲೆ ಹರಿದ ಕಟ್ಟಿನ ಪ್ರತಿ ಚೆಕ್ಕಿನ ಹೆಸರು, ಊರು ಓದುವ ಅಭ್ಯಾಸ ಹಿಡಿಯಿತು. ಪಟ್ಟಿ ಅಂಟಿಸಿ ಬದುಕಿಸಬಹುದಾದದ್ದನ್ನು ಬದುಕಿಸಿದೆ. ಇದರಿಂದ ನನ್ನ ಕೆಲಸ ನಿಧಾನವಾಯಿತೆಂದು ಒಂದೆರಡು ಬಾರಿ ಮಾತು ಕೇಳಿದ್ದೂ ಉಂಟು.

ಈಗ ಕಾಲ ಬದಲಾಗಿದೆ. 2008ರಲ್ಲಿ ದಿಲ್ಲಿ, 2011ರಲ್ಲಿ ಚೆನ್ನೈ, 2013ರಲ್ಲಿ ಮುಂಬಯಿ, ಹೀಗೆ ಚೆಕ್ಕಿನ ಕಾಗದ ಊರಿಂದ ಊರಿಗೆ ಪಯಣಿಸುವುದೇ ನಿಂತಿತು. ಚೆಕ್ಕು ಕೊಟ್ಟಲ್ಲಿಯೇ ಅದರ ಚಿತ್ರ ತೆಗೆದು ಕಳಿಸುತ್ತಾರೆ. ಆದರೆ ಚಿತ್ರ ತೆಗೆಯುವ ಆ ಯಂತ್ರವೂ ಕೆಳಗಿನ ಸಾಲನ್ನು ಕಾಂತತ್ವದಿಂದಲೇ ಓದುತ್ತದೆ, ಇ-13ಬಿ ಹಾಗೆಯೇ ಇದೆ. ಚೆಕ್ಕಿನ ಆಯುಷ್ಯ ಮಾತ್ರ 2012ರ ಏಪ್ರಿಲ್‌ನಿಂದ ಆರು ತಿಂಗಳಿದ್ದದ್ದು ಮೂರಕ್ಕೆ ಇಳಿದಿದೆ. ಹಣ ಮೊಬೈಲಿನಲ್ಲಿ ಹೋಗುವ ದಿನಗಳಲ್ಲಿ ಚೆಕ್ಕನ್ನು ಅಂಚೆಯಲ್ಲಿ ಕಳಿಸುವವರು ಕಡಿಮೆ. ಆದರೂ ಕಳಿಸುವವರಿದ್ದಾರೆ, ಪಿನ್ನು ಚುಚ್ಚುವವರೂ ಇದ್ದಾರೆ.

ಕೊನೆಗೆ ಈ ಡಬ್ಬಿ. ಯಂತ್ರಕ್ಕೆ ಹಾಕುವ ಮೊದಲು ಚೆಕ್ಕುಗಳಿಂದ ಕಿತ್ತ ಗುಂಡುಸೂಜಿಗಳನ್ನು ನಾವು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕುತ್ತಿದ್ದೆವು. ನಿವೃತ್ತಿಯ ದಿನ ನನ್ನ ಮೇಜಿನ ಡಬ್ಬಿಯನ್ನು ಬೇಡಿ ತಂದೆ. ಭಾರವಿದೆ, ಎರಡು ಕೈ ಬೇಕು. ಮುಖ್ಯಾಧ್ಯಾಪಕರ ಅನುಮತಿಯಿಂದ ಇದನ್ನು ವಿಜ್ಞಾನದ ಕಪಾಟಿನಲ್ಲಿ ಇಟ್ಟು ಹೋಗುತ್ತೇನೆ. ಜೊತೆಗೆ ಒಂದು ಅಯಸ್ಕಾಂತ, ಒಂದು ಹಳೆಯ ಟೇಪ್‌ರೆಕಾರ್ಡರಿನ ಹೆಡ್, ರದ್ದಾದ ನನ್ನದೇ ನಾಲ್ಕು ಚೆಕ್ಕಿನ ಹಾಳೆ, ಹಾಗೂ ಇವತ್ತು ಮುಂಜಾನೆ ಹಳ್ಳದಿಂದ ಕಟ್ಟಿ ತಂದ ಈ ಕಪ್ಪು ಮರಳಿನ ಪೊಟ್ಟಣ. ಎದುರಿನ ಸಾಲಿನಿಂದ ಯಾರಾದರೂ ಇಬ್ಬರು ಮೇಲೆ ಬನ್ನಿರಿ. ಒಬ್ಬರು ಕಾಗದ ಹಿಡಿಯಿರಿ, ಇನ್ನೊಬ್ಬರು ಅಯಸ್ಕಾಂತ. ಡಬ್ಬಿಯ ಮುಚ್ಚಳ ಮಾತ್ರ ಈಗಲೇ ತೆಗೆಯಬೇಡಿರಿ.